ಬಾಲಣ್ಣನ ಜಮಾ-ಖರ್ಚು

ಅಂಗಡಿ ಇಟ್ಟವರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ವ್ಯಾಪಾರ ಜೋರಾಗಿದೆ ಅಂದ ಮಾತ್ರಕ್ಕೆ ಲಾಭ ಇದೆ ಅಂತಲ್ಲ. ಬೆಳಗಿನಿಂದ ಗಿರಾಕಿ ತಪ್ಪಿರೋದಿಲ್ಲ, ಸಂಜೆ ಬಡ್ಡಿಯವನು ಬಂದಾಗ ಗಲ್ಲಾಪೆಟ್ಟಿಗೆ ಖಾಲಿ. ಚಿತ್ರನಟ ಟಿ. ಎನ್. ಬಾಲಕೃಷ್ಣ ಅವರ ಬಾಳೂ ಹಾಗೇ ಆಯಿತು.

ಬಾಲಣ್ಣ ನಮ್ಮ ಜಿಲ್ಲೆಯವರೇ. ಅರಸೀಕೆರೆಯಲ್ಲಿ ಹುಟ್ಟಿದ ಬಡವರ ಹುಡುಗ. ಸಾಲದ್ದಕ್ಕೆ ಕಿವಿ ಮಂದ. ಅಂಥವನು ನಾಟಕ ಕಂಪನಿ ಸೇರ್ತೀನಿ ಅಂದರೆ ಕೇಳಿದವರು ನಗಬೇಕು. ಮುಂದೆ ನಕ್ಕರು ಕೂಡ, ಆದರೆ ನಗಿಸಿದ್ದು ಆ ಹುಡುಗನೇ.

ಕಿವಿ ಕೇಳದವನು ಮಾತಿಗೆ ಮಾತು ಜೋಡಿಸುವುದು ಹೇಗೆ? ಎದುರಿನವರ ತುಟಿ ನೋಡಿ! ತನ್ನ ಮಾತಿನ ಜತೆಗೆ ಎದುರು ಪಾತ್ರದ ಮಾತನ್ನೂ ಬಾಯಿಪಾಠ ಮಾಡಿ, ತುಟಿ ನಿಂತ ಕ್ಷಣಕ್ಕೆ ಸರಿಯಾಗಿ ತಮ್ಮ ಮಾತು ಬಿಡುತ್ತಿದ್ದರು. ಬೆಂಚಿನಲ್ಲಿ ಕೂತು ನೋಡಿದ ಪ್ರೇಕ್ಷಕನಿಗೆ ಇದರ ಸುಳಿವೂ ಸಿಕ್ಕಲಿಲ್ಲ. ಅವನಿಗೆ ಕೇಳಿದ್ದು ಮೂಗಿನಿಂದ ಎಳೆದು ಆಡುವ ಆ ದನಿ ಮಾತ್ರ.

1943ರ 'ರಾಧಾರಮಣ'ದಲ್ಲಿ ತೆರೆಗೆ ಬಂದರು. ಆಗ ಕನ್ನಡ ಚಿತ್ರ ಅಂದರೆ ವರ್ಷಕ್ಕೆ ಬೆರಳೆಣಿಕೆ. ಹತ್ತು ಹದಿನೈದು ವರ್ಷ ಕಳೆದರೂ ಪಾಡು ಅಷ್ಟೇನೂ ಬದಲಾಗಲಿಲ್ಲ. ಕೆಲಸ ಬೇಕಾದರೆ ಮದರಾಸಿಗೆ ಹೋಗಬೇಕು, ಹೋದರೂ ಸಿಕ್ಕೀತೆಂಬ ಖಾತರಿ ಇಲ್ಲ. ಆಗ ರಾಜಕುಮಾರ್, ನರಸಿಂಹರಾಜು, ಜಿ. ವಿ. ಅಯ್ಯರ್, ಬಾಲಕೃಷ್ಣ ಸೇರಿ ಕಲಾವಿದರ ಸಂಘ ಕಟ್ಟಿದರು. ಊರೂರಿಗೆ ನಾಟಕ ಕೊಂಡೊಯ್ದರು. ಕೊನೆಗೆ ತಾವೇ ನಿರ್ಮಾಪಕರಾಗಿ 1960ರಲ್ಲಿ 'ರಣಧೀರ ಕಂಠೀರವ' ತೆಗೆದರು. ಚಿತ್ರ ಗೆದ್ದಿತು, ಕಲಾವಿದರಿಗೆ ಉಸಿರು ಬಂತು.

ಅಲ್ಲಿಂದ ಮುಂದೆ ಬಾಲಣ್ಣನಿಗೆ ಬಿಡುವಿಲ್ಲ. ಜಿಪುಣ, ಬಡ್ಡಿ ಸಾಹುಕಾರ, ಮನೆ ಮುರುಕ, ಪೆದ್ದ, ಒಳ್ಳೆಯ ಅಜ್ಜ, ಯಾವುದು ಕೊಟ್ಟರೂ ಸೈ. ಬಣ್ಣ ಹಚ್ಚಿದ್ದು ಐನೂರಕ್ಕೂ ಮಿಕ್ಕಿ ಚಿತ್ರಗಳಿಗೆ ಅನ್ನುತ್ತಾರೆ. 1972ರ 'ಬಂಗಾರದ ಮನುಷ್ಯ'ದ ರಾಚೂಟಪ್ಪನನ್ನು ಮರೆತವರುಂಟೇ? ಬರಡು ನೆಲದಲ್ಲಿ ಬಂಗಾರ ಬೆಳೆಯಲು ಹೊರಟ ರಾಜೀವನಿಗೆ ಹೆಗಲು ಕೊಟ್ಟವನು ಅವನೇ.

ತೆರೆಯ ಮೇಲೆ ಬರಡು ನೆಲ ಹಸಿರಾಯಿತು. ತೆರೆಯ ಆಚೆ ಬಾಲಣ್ಣ ಹಿಡಿದ ನೆಲ ಹಾಗಾಗಲಿಲ್ಲ.

ಕನ್ನಡ ಚಿತ್ರ ಕನ್ನಡ ನೆಲದಲ್ಲೇ ತಯಾರಾಗಬೇಕು, ನಮ್ಮವರು ಮದರಾಸಿನ ಬಾಗಿಲು ಕಾಯೋದು ತಪ್ಪಬೇಕು. ಇದು ಅವರ ಹಟ. ಬೆಂಗಳೂರಿನ ಕೆಂಗೇರಿ ಬಳಿ ಮೈಲಸಂದ್ರದಲ್ಲಿ ಸರ್ಕಾರ 20 ಎಕರೆ ಕೊಟ್ಟಿತು. ಹುಟ್ಟಿದ್ದು 'ಅಭಿಮಾನ್ ಸ್ಟುಡಿಯೋ'. ಆದರೆ ಜಾಗ ಸಿಕ್ಕರೆ ಸ್ಟುಡಿಯೋ ಆಗಿಬಿಡುತ್ತದೆಯೇ? ಶೂಟಿಂಗ್ ಮಾಡಲು ಫ್ಲೋರ್ ಕಟ್ಟಬೇಕು. ಲೈಟು, ಕರೆಂಟು, ಕ್ಯಾಮೆರಾ ಬೇಕು. ಬಾಡಿಗೆ ಬರಲಿ ಬಿಡಲಿ, ಆಳುಗಳ ಸಂಬಳ ನಿಲ್ಲಿಸುವಂತಿಲ್ಲ. ಅಷ್ಟರಲ್ಲಿ ಗಾಳಿ ಬೇರೆ ತಿರುಗಿತು. ನಿರ್ಮಾಪಕರು ಕ್ಯಾಮೆರಾ ಹೊತ್ತು ಹಳ್ಳಿ, ತೋಟ, ನಿಜವಾದ ಮನೆಗಳ ಕಡೆ ನಡೆದರು. ಫ್ಲೋರ್ ಕೇಳುವವರು ಕಡಿಮೆಯಾದರು.

ಸಾಲ ಬೆಳೆಯಿತು. ನಟನೆಯಲ್ಲಿ ದುಡಿದದ್ದು ಸ್ಟುಡಿಯೋ ಹೊಟ್ಟೆಗೆ ಹೋಯಿತು. ತೆರೆಯ ಮೇಲೆ ಎಷ್ಟೋ ಸಲ ಬಡ್ಡಿ ವಸೂಲಿ ಮಾಡಿದ ಮನುಷ್ಯ ನಿಜ ಬಾಳಿನಲ್ಲಿ ಬಡ್ಡಿ ಕಟ್ಟುತ್ತಾ ಹೋದರು. ವಯಸ್ಸಾದ ಮೇಲೂ ಬಣ್ಣ ಹಚ್ಚುವುದನ್ನು ಬಿಡಲಿಲ್ಲ. 1995ರ ಜುಲೈ 19ರಂದು ಬಾಲಣ್ಣ ತೀರಿಕೊಂಡಾಗ ಸ್ಟುಡಿಯೋ ಕನಸು ಅರ್ಧಕ್ಕೇ ನಿಂತಿತ್ತು.

ಆಮೇಲೆ ಜನ ಅಭಿಮಾನ್ ಹೆಸರು ಕೇಳಿದ್ದು ಬೇರೆ ಕಾರಣಕ್ಕೆ. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಅಂತ್ಯಕ್ರಿಯೆ ಅಲ್ಲೇ ನಡೆಯಿತು. ಜಾಗದ ತಕರಾರು ಕೋರ್ಟಿನವರೆಗೂ ಎಳೆಯಿತು. 2025ರ ಆಗಸ್ಟ್‌ನಲ್ಲಿ ಆ ಸಮಾಧಿಯನ್ನೂ ತೆರವು ಮಾಡಲಾಯಿತು. ಅಭಿಮಾನಿಗಳು ಕಣ್ಣೀರಿಟ್ಟರು. ಆ ಗಲಾಟೆಯಲ್ಲಿ, ಅಷ್ಟು ಜಾಗ ಒಬ್ಬ ನಟ ಯಾಕೆ ಕೇಳಿ ಪಡೆದಿದ್ದ ಅನ್ನುವ ಮಾತು ಕೇಳಿಸಿದ್ದು ಕಡಿಮೆ.

ಜಮಾ ಕಡೆ ಏನು ಬರೆಯೋಣ? ಇವತ್ತು ಕನ್ನಡ ಚಿತ್ರಕ್ಕೆ ಯಾರೂ ಮದರಾಸಿನ ದಾರಿ ಕಾಯುತ್ತಿಲ್ಲ. ಅದು ಬಾಲಣ್ಣ ಒಬ್ಬರಿಂದ ಆದದ್ದಲ್ಲ ನಿಜ. ಆದರೆ ಅದಕ್ಕಾಗಿ ಕೈಯಿಂದ ಕಳೆದುಕೊಂಡವರ ಪಟ್ಟಿಯಲ್ಲಿ ಅರಸೀಕೆರೆಯವರ ಹೆಸರು ಮೇಲೇ ಇದೆ.

ರಾತ್ರಿ ಟಿ.ವಿ.ಯಲ್ಲಿ ಹಳೆ ಚಿತ್ರ ಬಂದರೆ ಒಮ್ಮೆ ಗಮನಿಸಿ. ಬೇರೆಯವರು ಮಾತಾಡುವಾಗ ಬಾಲಣ್ಣನ ಕಣ್ಣು ಎಲ್ಲಿದೆ ನೋಡಿ.