ಗದ್ದೆಯ ಅಳತೆ, ರಾಷ್ಟ್ರಗಳ ಸಭೆ: ವಿಜ್ಞಾನ ಸಲಹೆಗಾರನ ಕಾಯಕ

ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಅರಸನ ಬೊಕ್ಕಸದ ಲೆಕ್ಕವನ್ನೂ ಕಾಯಕವೆಂದೇ ಭಾವಿಸಿ ನಡೆಸಿದರೆಂಬುದು ಶರಣ ಪರಂಪರೆಯ ನೆನಪಿನಲ್ಲಿ ಉಳಿದು ಬಂದ ಸಂಗತಿ. ಆಳುವವರ ಸಮೀಪದಲ್ಲಿ ನಿಂತು ಲೆಕ್ಕವನ್ನು ಇದ್ದುದಿದ್ದಂತೆ ಹೇಳುವುದು ಅಂದಿಗೂ ಹೊಣೆಗಾರಿಕೆಯ ಕೆಲಸವಾಗಿತ್ತು. ಇಂದಿಗೂ ಹಾಗೆಯೇ ಇದೆ. ಅಂದಿನ ಲೆಕ್ಕ ಹೊನ್ನಿನದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದೀಚೆಗೆ ಸರಕಾರಗಳಿಗೆ ಬೇರೊಂದು ಬಗೆಯ ಲೆಕ್ಕವೂ ಬೇಕಾಗಿದೆ. ಗಾಳಿಯನ್ನು ಸೇರುತ್ತಿರುವ ಅನಿಲವೆಷ್ಟು, ಸಮುದ್ರದ ಮಟ್ಟ ಏರುತ್ತಿರುವುದೆಷ್ಟು, ಒಂದು ದೇಶದಲ್ಲಿ ಕಾಣಿಸಿಕೊಂಡ ರೋಗವು ನೆರೆಯ ದೇಶವನ್ನು ಮುಟ್ಟುವ ಬಗೆ ಹೇಗೆ ಎಂಬಂಥ ಪ್ರಶ್ನೆಗಳು ಯಾವೊಂದು ದೇಶದ ಗಡಿಯೊಳಗೂ ನಿಲ್ಲುವಂಥವಲ್ಲ. ಇವುಗಳನ್ನು ಕುರಿತು ಸರಕಾರಕ್ಕೆ ಅರಿವು ನೀಡತಕ್ಕವನೇ ವಿಜ್ಞಾನ ಸಲಹೆಗಾರ. ಅವನ ಕೆಲಸದ ಸ್ವರೂಪವೇನು, ಅವನ ಮಾತಿಗೆ ರಾಷ್ಟ್ರಗಳ ಸಭೆಯಲ್ಲಿ ಬೆಲೆ ಬರುವುದು ಯಾವುದರಿಂದ ಎಂಬುದನ್ನು ಒಂದು ನಿದರ್ಶನದ ಮೂಲಕ ಇಲ್ಲಿ ವಿವರಿಸಲಾಗಿದೆ.

ಸಲಹೆಗಾರನ ಸ್ಥಾನ

ಈ ಹುದ್ದೆಯು ಬಹಳ ಹಳೆಯದಲ್ಲ. 1957ರ ಅಕ್ಟೋಬರಿನಲ್ಲಿ ಸೋವಿಯತ್ ಒಕ್ಕೂಟವು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದೊಡನೆ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರು ಜೇಮ್ಸ್ ಕಿಲಿಯನ್ ಅವರನ್ನು ತಮ್ಮ ವಿಜ್ಞಾನ ಸಲಹೆಗಾರರನ್ನಾಗಿ ನೇಮಿಸಿಕೊಂಡರು. ಬ್ರಿಟನ್ನಿನಲ್ಲಿ 1964ರಲ್ಲಿ ಸಾಲಿ ಜುಕರ್‌ಮನ್ ಅವರು ಸರಕಾರದ ಮುಖ್ಯ ವಿಜ್ಞಾನ ಸಲಹೆಗಾರರಾದರು. ಭಾರತದಲ್ಲಿ 1948ರಷ್ಟು ಹಿಂದೆಯೇ ಭೌತವಿಜ್ಞಾನಿ ದೌಲತ್ ಸಿಂಗ್ ಕೊಠಾರಿ ಅವರು ರಕ್ಷಣಾ ಮಂತ್ರಿಗಳ ವಿಜ್ಞಾನ ಸಲಹೆಗಾರರಾಗಿದ್ದರು. ಬೆಂಗಳೂರಿನ ಪ್ರೊ. ಸಿ. ಎನ್. ಆರ್. ರಾವ್ ಅವರು ಪ್ರಧಾನಮಂತ್ರಿಗಳ ವಿಜ್ಞಾನ ಸಲಹಾ ಮಂಡಳಿಯ ಅಧ್ಯಕ್ಷತೆಯನ್ನು ಎರಡು ಬಾರಿ ವಹಿಸಿದರು. ಸರಕಾರದ ಪ್ರಧಾನ ವಿಜ್ಞಾನ ಸಲಹೆಗಾರ ಎಂಬ ಸ್ಥಾನವು 1999ರಲ್ಲಿ ನಿರ್ಮಾಣವಾಗಿ, ಎ. ಪಿ. ಜೆ. ಅಬ್ದುಲ್ ಕಲಾಂ ಅವರು ಅದನ್ನು ಮೊದಲು ಅಲಂಕರಿಸಿದರು. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಜಯ್ ಕುಮಾರ್ ಸೂದ್ ಅವರು ಆ ಸ್ಥಾನಕ್ಕೆ ನೇಮಕಗೊಂಡರು.

ಸಲಹೆ ನೀಡುವವನು ನಿರ್ಣಯ ಕೈಗೊಳ್ಳುವವನಲ್ಲವೆಂಬುದನ್ನು ಮೊದಲು ಗಮನಿಸಬೇಕು. ನಿರ್ಣಯವು ಜನರಿಗೆ ಉತ್ತರ ಹೇಳಬೇಕಾದ ಮಂತ್ರಿಗಳದು. ತಿಳಿದುದು ಯಾವುದು, ತಿಳಿಯದೆ ಉಳಿದುದು ಯಾವುದು, ಇಂತಿಂಥ ದಾರಿ ಹಿಡಿದರೆ ಇಂತಿಂಥ ಪರಿಣಾಮ ಸಂಭವಿಸಬಹುದು ಎಂಬ ಮೂರನ್ನು ಬಿಡಿಸಿ ಹೇಳುವುದು ಸಲಹೆಗಾರನ ಕರ್ತವ್ಯ. ಅಂತಾರಾಷ್ಟ್ರೀಯ ವಿಷಯಗಳಲ್ಲಿ ಇದಕ್ಕೆ ಇನ್ನೊಂದು ಹೊಣೆ ಸೇರುತ್ತದೆ. ಇತರ ದೇಶಗಳು ಮುಂದಿಡುವ ಅಂಕಿಅಂಶಗಳನ್ನು ಒರೆಗೆ ಹಚ್ಚಿ, ಅವು ಸ್ವೀಕಾರಾರ್ಹವೇ ಅಲ್ಲವೇ ಎಂಬುದನ್ನು ಅವನು ತನ್ನ ಸರಕಾರಕ್ಕೆ ತಿಳಿಸಬೇಕಾಗುತ್ತದೆ. ಈ ಹೊಣೆ ಎಷ್ಟು ಭಾರವಾದುದೆಂಬುದು ಭತ್ತದ ಗದ್ದೆಯ ಪ್ರಕರಣದಿಂದ ವ್ಯಕ್ತವಾಗುತ್ತದೆ.

ಗದ್ದೆಯ ಮೇಲೆ ಬಂದ ಆರೋಪ

ಗೋಬರ್ ಗ್ಯಾಸ್ ಒಲೆಯನ್ನು ಕಂಡವರಿಗೆ ಮೀಥೇನ್ ಅನಿಲದ ಪರಿಚಯ ಇದ್ದೇ ಇದೆ. ಗಾಳಿಯ ಸಂಪರ್ಕವಿಲ್ಲದ ತೊಟ್ಟಿಯಲ್ಲಿ ಸಗಣಿ ಕೊಳೆತಾಗ ಸೂಕ್ಷ್ಮಜೀವಿಗಳು ಈ ಅನಿಲವನ್ನು ಉಂಟುಮಾಡುತ್ತವೆ. ನೀರು ನಿಂತ ಗದ್ದೆಯ ಕೆಸರಿನಲ್ಲಿಯೂ ನಡೆಯುವುದು ಇದೇ ಕ್ರಿಯೆ. ನೀರಿನ ಪದರವು ಮಣ್ಣಿಗೆ ಆಮ್ಲಜನಕ ಇಳಿಯದಂತೆ ತಡೆಯುತ್ತದೆ. ಕೆಳಗಿರುವ ಕೂಳೆ, ಬೇರು, ಗೊಬ್ಬರ ಕೊಳೆತು ಮೀಥೇನ್ ಹುಟ್ಟುತ್ತದೆ. ಅದು ಬಹುಮಟ್ಟಿಗೆ ಭತ್ತದ ದಂಟಿನೊಳಗಿನ ಗಾಳಿನಾಳಗಳ ಮೂಲಕವೇ ಮೇಲೇರಿ ವಾಯುಮಂಡಲವನ್ನು ಸೇರುತ್ತದೆ. ಭೂಮಿಯ ಶಾಖವನ್ನು ಹಿಡಿದಿಡುವ ಅನಿಲಗಳಲ್ಲಿ ಇದೂ ಒಂದು. ತೂಕಕ್ಕೆ ತೂಕ ಹೋಲಿಸಿದರೆ, ನೂರು ವರ್ಷಗಳ ಅವಧಿಯಲ್ಲಿ ಇದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಶಾಖವನ್ನು ಹಿಡಿಯುತ್ತದೆಂದು ಈಗಿನ ಲೆಕ್ಕ. 1990ರಲ್ಲಿ ಇದನ್ನು 21 ಪಟ್ಟು ಎಂದು ಎಣಿಸಲಾಗಿತ್ತು.

1988ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಹವಾಮಾನ ಬದಲಾವಣೆಯನ್ನು ಪರಿಶೀಲಿಸುವ ಅಂತರಸರಕಾರೀ ಸಮಿತಿಯು ಸ್ಥಾಪನೆಗೊಂಡು, 1990ರಲ್ಲಿ ತನ್ನ ಮೊದಲ ವರದಿಯನ್ನು ಸಲ್ಲಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಒಂದು ಒಪ್ಪಂದವನ್ನು ರೂಪಿಸಲು ಸಂಧಾನ ಸಮಿತಿಯನ್ನು ರಚಿಸಿತು. ಭೂಮಿಯ ತಾಪಕ್ಕೆ ಯಾವ ದೇಶ ಎಷ್ಟು ಕಾರಣ ಎಂಬ ಪ್ರಶ್ನೆ ಆಗ ಸಹಜವಾಗಿಯೇ ಮುನ್ನೆಲೆಗೆ ಬಂದಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಂತೆ ಭಾರತದ ಗದ್ದೆಗಳು ವರ್ಷಕ್ಕೆ ಸುಮಾರು 3 ಕೋಟಿ 80 ಲಕ್ಷ ಟನ್ ಮೀಥೇನನ್ನು ಹೊರಬಿಡುತ್ತಿದ್ದವು. ಅಂದಿನ 21 ಪಟ್ಟಿನ ಲೆಕ್ಕ ಹಿಡಿದರೆ ಇದು ಸುಮಾರು 80 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಭಾರತವು ಆ ಕಾಲದಲ್ಲಿ ಕಲ್ಲಿದ್ದಲು ಮತ್ತು ತೈಲವನ್ನು ಉರಿಸಿ ಹೊರಬಿಡುತ್ತಿದ್ದ ಇಂಗಾಲದ ಡೈಆಕ್ಸೈಡಾದರೋ ಸುಮಾರು 60 ಕೋಟಿ ಟನ್. ಎಂದರೆ, ದೇಶದ ಕಾರ್ಖಾನೆ, ರೈಲು, ವಿದ್ಯುತ್ ಸ್ಥಾವರಗಳೆಲ್ಲವೂ ಸೇರಿ ಮಾಡುವುದಕ್ಕಿಂತ ಹೆಚ್ಚಿನ ಹಾನಿಯನ್ನು ಗದ್ದೆಗಳೊಂದೇ ಮಾಡುತ್ತಿವೆ ಎಂಬ ತೀರ್ಮಾನ ಆ ಅಂಕಿಯೊಳಗೆ ಅಡಗಿತ್ತು.

ಅಮೆರಿಕದ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ 1990ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಭಾರತಕ್ಕೆ ಐದನೆಯ ಸ್ಥಾನ ದೊರೆಯಿತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ ಅವರು 1991ರಲ್ಲಿ ಇದನ್ನು ತೀವ್ರವಾಗಿ ಖಂಡಿಸಿದರು. ಬಡವನು ಬದುಕಲೆಂದು ಬೆಳೆಯುವ ಭತ್ತವನ್ನೂ ಶ್ರೀಮಂತನು ವಿಲಾಸಕ್ಕಾಗಿ ಓಡಿಸುವ ಕಾರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲವೆಂಬುದು ಅವರ ವಾದದ ಸಾರ. ಆದರೆ ನ್ಯಾಯದ ಮಾತು ಒಂದು, ಅಳತೆಯ ಮಾತು ಇನ್ನೊಂದು. ಆ ಅಂಕಿ ತಪ್ಪೆಂದು ಹೇಳಬೇಕಾದರೆ ಸರಿಯಾದ ಅಂಕಿ ಕೈಯಲ್ಲಿರಬೇಕಿತ್ತು. ಸಂಧಾನಕ್ಕೆ ಹೋಗುವ ಪ್ರತಿನಿಧಿಯ ಬಳಿ ಸ್ವಂತ ಅಳತೆ ಇಲ್ಲದಿದ್ದರೆ, ಎದುರಿನವರ ಅಂಕಿಯನ್ನು ಒಪ್ಪುವುದು ಅಥವಾ ಬರಿಗೈಯಲ್ಲಿ ಪ್ರತಿಭಟಿಸುವುದು, ಇವೆರಡರ ಹೊರತು ಮೂರನೆಯ ದಾರಿ ಇರುವುದಿಲ್ಲ.

ಅಳತೆಯ ಕಾರ್ಯ

ಈ ಕೊರತೆಯನ್ನು ತುಂಬುವ ಕಾರ್ಯಕ್ಕೆ ಮುಂದಾಳಾದವರು ಡಾ. ಎ. ಪಿ. ಮಿತ್ರಾ. ಮೂಲತಃ ರೇಡಿಯೋ ಅಲೆಗಳನ್ನೂ ವಾಯುಮಂಡಲದ ಮೇಲ್ಪದರಗಳನ್ನೂ ಅಭ್ಯಸಿಸಿದ ವಿಜ್ಞಾನಿ ಅವರು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ನಿರ್ದೇಶಕರಾಗಿ, ಅನಂತರ 1986ರಿಂದ 1991ರವರೆಗೆ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಪರಿಷತ್ತಿನ ಮಹಾನಿರ್ದೇಶಕರಾಗಿ ಕೆಲಸ ಮಾಡಿದರು. ಪರಿಷತ್ತಿನ ಮಹಾನಿರ್ದೇಶಕರು ಸರಕಾರದ ಕಾರ್ಯದರ್ಶಿಯೂ ಆಗಿರುವುದರಿಂದ, ಪ್ರಯೋಗಾಲಯ ಮತ್ತು ಮಂತ್ರಾಲಯ ಎರಡರ ಒಳಹೊರಗನ್ನೂ ಅವರು ಬಲ್ಲವರಾಗಿದ್ದರು.

1991ರ ಭತ್ತದ ಹಂಗಾಮಿನಲ್ಲಿ ದೇಶದ ಹಲವು ಭತ್ತದ ಪ್ರದೇಶಗಳಲ್ಲಿ ಏಕಕಾಲಕ್ಕೆ ಅಳತೆ ನಡೆಯಿತು. ವಿಧಾನವು ಸರಳವಾದುದು. ಕೆಲವು ಬುಡ ಪೈರಿನ ಮೇಲೆ ಪಾರದರ್ಶಕ ಪೆಟ್ಟಿಗೆಯೊಂದನ್ನು ಮುಚ್ಚಿ, ನಿಗದಿತ ನಿಮಿಷಗಳಿಗೊಮ್ಮೆ ಒಳಗಿನ ಗಾಳಿಯನ್ನು ಸಿರಿಂಜಿನಿಂದ ಸೆಳೆದು, ಅದರಲ್ಲಿ ಮೀಥೇನ್ ಎಷ್ಟು ಹೆಚ್ಚಿತೆಂಬುದನ್ನು ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರದಲ್ಲಿ ಪರೀಕ್ಷಿಸುವುದು. ಇದನ್ನೇ ನಾಟಿಯಿಂದ ಕೊಯ್ಲಿನವರೆಗೆ ಬೇರೆ ಬೇರೆ ದಿನಗಳಲ್ಲಿ ಪುನರಾವರ್ತಿಸುವುದು. ಬಂದ ದರವನ್ನು ಆಯಾ ಬಗೆಯ ಗದ್ದೆಯ ವಿಸ್ತೀರ್ಣದಿಂದಲೂ ಬೆಳೆಯ ದಿನಗಳಿಂದಲೂ ಗುಣಿಸಿದರೆ ಒಟ್ಟು ಮೊತ್ತ ದೊರೆಯುತ್ತದೆ.

ದೊರೆತ ಮೊತ್ತ ವರ್ಷಕ್ಕೆ ಸುಮಾರು 40 ಲಕ್ಷ ಟನ್. ಹೆಚ್ಚುಕಡಮೆಯ ಅವಕಾಶವನ್ನು ಸೇರಿಸಿದರೂ 60 ಲಕ್ಷವನ್ನು ದಾಟದು. ಹಿಂದಿನ ಅಂದಾಜಿನ ಒಂಬತ್ತನೆಯ ಒಂದು ಭಾಗಕ್ಕೆ ಇದು ಹತ್ತಿರ.

ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಕಾರಣವೇನು? ಹಿಂದಿನ ಅಂದಾಜು ಯುರೋಪ್ ಮತ್ತು ಅಮೆರಿಕದ ಗದ್ದೆಗಳಲ್ಲಿ ಅಳೆದ ದರವನ್ನು ಭಾರತದ ಸುಮಾರು 4 ಕೋಟಿ 20 ಲಕ್ಷ ಹೆಕ್ಟೇರ್ ಭತ್ತದ ಭೂಮಿಗೆ ಹಾಗೆಯೇ ಅನ್ವಯಿಸಿತ್ತು. ಆ ಗದ್ದೆಗಳಲ್ಲಿ ಹಂಗಾಮಿನುದ್ದಕ್ಕೂ ನೀರು ನಿಂತಿರುತ್ತದೆ. ಭಾರತದ ಭತ್ತವೆಲ್ಲವೂ ಹೀಗೆ ಬೆಳೆಯುವುದಿಲ್ಲವೆಂಬುದು ಕರ್ನಾಟಕದ ರೈತನಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಗಂಗಾವತಿಯ ಕಾಲುವೆ ನೀರಿನ ಗದ್ದೆ ಬೇರೆ. ಧಾರವಾಡ, ಹಾವೇರಿ ಕಡೆಯ ಮಳೆಯನ್ನೇ ನಂಬಿದ ಕೂರಿಗೆ ಭತ್ತ ಬೇರೆ. ಮಳೆಯಾಶ್ರಿತ ಹೊಲದಲ್ಲಿ ನೀರು ನಿಲ್ಲುತ್ತದೆ, ಇಂಗುತ್ತದೆ, ಮಣ್ಣು ಬಿರುಕು ಬಿಟ್ಟು ಗಾಳಿಯಾಡುತ್ತದೆ. ಆಗ ಮೀಥೇನ್ ಹುಟ್ಟುವ ಕ್ರಿಯೆ ಕುಂಠಿತವಾಗುತ್ತದೆ. ಮೇಲಾಗಿ ಭಾರತದ ಬಹಳಷ್ಟು ಭೂಮಿಯಲ್ಲಿ ಸಾವಯವ ಅಂಶವೂ ಕಡಮೆ. ರೈತನು ಕಣ್ಣಾರೆ ಬಲ್ಲ ಈ ಭೇದವನ್ನು ದೂರದ ಲೆಕ್ಕ ಗಮನಿಸಿರಲಿಲ್ಲ.

ಸಭೆಯಲ್ಲಿ ಅಂಕಿಯ ಬೆಲೆ

ಅಂತಾರಾಷ್ಟ್ರೀಯ ಸಂಧಾನದ ಕ್ರಮವು ಹೊರಗಿನವರಿಗೆ ವಿಚಿತ್ರವಾಗಿ ತೋರಬಹುದು. ಕರಡಿನಲ್ಲಿ ಒಮ್ಮತ ಮೂಡದ ಪದಗಳನ್ನು ಚೌಕ ಕಂಸಗಳೊಳಗೆ ಇಡುತ್ತಾರೆ. ಒಪ್ಪಿಗೆಯಾದಂತೆ ಕಂಸಗಳು ಒಂದೊಂದಾಗಿ ಕಳಚುತ್ತವೆ. ‘ಮಾಡತಕ್ಕದ್ದು’ ಎಂಬುದಕ್ಕೂ ‘ಮಾಡಬಹುದು’ ಎಂಬುದಕ್ಕೂ ಇರುವ ಅಂತರಕ್ಕಾಗಿ ರಾತ್ರಿಯಿಡೀ ಚರ್ಚೆ ನಡೆಯುವುದುಂಟು. ಮಾತನಾಡುವವರು ರಾಜತಂತ್ರಜ್ಞರು, ಅವರ ಹಿಂದಿನ ಸಾಲಿನಲ್ಲಿ ಕುಳಿತಿರುವವನು ವಿಜ್ಞಾನ ಸಲಹೆಗಾರ. ಒಂದು ಪದ ಬದಲಾದರೆ ದೇಶದ ಮೇಲೆ ಬೀಳುವ ಹೊಣೆ ಎಷ್ಟು ಬದಲಾದೀತೆಂಬುದನ್ನು ಅವನು ಅಲ್ಲಿಯೇ, ಆಗಲೇ ತಿಳಿಸಬೇಕು.

ಗದ್ದೆಯ ಅಳತೆಯು ಇಂಥ ಸಭೆಗಳಿಗೆ ಆಧಾರವಾದ ವರದಿಗಳನ್ನೇ ಬದಲಾಯಿಸಿತು. ಅಂತರಸರಕಾರೀ ಸಮಿತಿಯು 1990ರಲ್ಲಿ ಜಗತ್ತಿನ ಎಲ್ಲ ಗದ್ದೆಗಳ ಮೀಥೇನನ್ನು ವರ್ಷಕ್ಕೆ 11 ಕೋಟಿ ಟನ್ ಎಂದು ಅಂದಾಜಿಸಿತ್ತು. 1992ರ ಪೂರಕ ವರದಿಯಲ್ಲಿ ಇದು 6 ಕೋಟಿ ಟನ್ನಿಗೆ ಇಳಿಯಿತು. ಭಾರತ ಮತ್ತು ಚೀನಾಗಳಲ್ಲಿ ನಡೆದ ಹೊಸ ಅಳತೆಗಳು ಈ ಇಳಿಕೆಗೆ ಮುಖ್ಯ ಕಾರಣವಾಗಿದ್ದವು. 1992ರ ಜೂನಿನಲ್ಲಿ ರಿಯೋ ಡಿ ಜನೈರೋದಲ್ಲಿ ರಾಷ್ಟ್ರಗಳು ಸಹಿ ಮಾಡಿದ ಹವಾಮಾನ ಒಪ್ಪಂದದಲ್ಲಿ, ಹೊಣೆ ಎಲ್ಲರದಾದರೂ ಅದರ ಪ್ರಮಾಣ ಅವರವರ ಸ್ಥಿತಿಗೆ ತಕ್ಕಂತೆ ಭಿನ್ನವಾದುದೆಂಬ ತತ್ತ್ವ ಸೇರಿತು. 2004ರಲ್ಲಿ ಭಾರತವು ವಿಶ್ವಸಂಸ್ಥೆಗೆ ಒಪ್ಪಿಸಿದ ಮೊದಲ ಅಧಿಕೃತ ವರದಿಯಲ್ಲಿಯೂ ಗದ್ದೆಯ ಮೀಥೇನ್ ಸುಮಾರು 40 ಲಕ್ಷ ಟನ್ನೇ ಆಗಿತ್ತು.

ಹಿತವಲ್ಲದ ಲೆಕ್ಕ

ಇಷ್ಟರಿಂದ, ದೇಶಕ್ಕೆ ಅನುಕೂಲವಾದ ಅಂಕಿಯನ್ನು ಹುಡುಕಿ ತರುವುದೇ ಸಲಹೆಗಾರನ ಕೆಲಸವೆಂದು ಭಾವಿಸಿದರೆ ಪ್ರಮಾದವಾದೀತು. ಸತತವಾಗಿ ನೀರು ನಿಲ್ಲುವ, ಸಾವಯವ ಅಂಶ ಹೆಚ್ಚಿರುವ ಗದ್ದೆಗಳು ಮೀಥೇನನ್ನು ಹೆಚ್ಚಾಗಿಯೇ ಬಿಡುತ್ತವೆಂಬುದನ್ನೂ ಅದೇ ಅಳತೆಗಳು ತೋರಿಸಿದವು, ಅದನ್ನು ಮರೆಮಾಚಲಿಲ್ಲ. ಈ ಸಂಗತಿ ಬೆಳಕಿಗೆ ಬಂದುದರಿಂದಲೇ ನಡುನಡುವೆ ಗದ್ದೆಯ ನೀರನ್ನು ಆರಗೊಡುವ ಪದ್ಧತಿಯ ಉಪಯೋಗ ಸ್ಪಷ್ಟವಾಯಿತು.

ಇನ್ನೂ ಕಠಿನವಾದ ಪರೀಕ್ಷೆ ಅನಂತರ ಬಂದಿತು. 1999ರಲ್ಲಿ ಹಿಂದೂ ಮಹಾಸಾಗರದ ಮೇಲೆ ಹಲವು ದೇಶಗಳ ವಿಜ್ಞಾನಿಗಳು ಕೂಡಿ ನಡೆಸಿದ ಪರಿಶೀಲನೆಯಲ್ಲಿ, ಚಳಿಗಾಲದಲ್ಲಿ ಹೊಗೆ ಮತ್ತು ಮಸಿಯ ಕಣಗಳ ಕಂದು ಪದರವೊಂದು ವಿಶಾಲವಾಗಿ ಹರಡಿರುವುದು ಕಂಡುಬಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದ ವೀರಭದ್ರನ್ ರಾಮನಾಥನ್ ಅವರು ಆ ಪರಿಶೀಲನೆಯ ಪ್ರಮುಖರಲ್ಲೊಬ್ಬರು, ಡಾ. ಮಿತ್ರಾ ಅವರೂ ಅದರಲ್ಲಿ ಭಾಗಿಗಳಾಗಿದ್ದರು. 2002ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಇದನ್ನು ‘ಏಷ್ಯದ ಕಂದು ಮೋಡ’ ಎಂಬ ಹೆಸರಿನಲ್ಲಿ ಪ್ರಕಟಿಸಿದಾಗ ಭಾರತದಲ್ಲಿ ಆಕ್ಷೇಪವೆದ್ದಿತು. ಅದೇ ವಿಜ್ಞಾನ ಸಂಸ್ಥೆಯ ಜೆ. ಶ್ರೀನಿವಾಸನ್ ಮತ್ತು ಸುಲೋಚನಾ ಗಾಡಗೀಳ್ ಅವರು, ವರದಿಯ ಕೆಲವು ತೀರ್ಮಾನಗಳಿಗೆ ಸಾಕಷ್ಟು ಆಧಾರವಿಲ್ಲವೆಂದು ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ವಿಮರ್ಶಿಸಿದರು. ಇಂಥ ಪದರಗಳು ಇತರ ಖಂಡಗಳಲ್ಲಿಯೂ ಉಂಟೆಂಬ ಕಾರಣದಿಂದ ಮುಂದೆ ‘ಏಷ್ಯದ’ ಎಂಬ ವಿಶೇಷಣವನ್ನು ಕೈಬಿಡಲಾಯಿತು. ಆದರೆ ಹೊಗೆ ಇದ್ದುದು ನಿಜ. ಅದನ್ನು ಉಸಿರಾಡುತ್ತಿದ್ದವರು ಭಾರತದ ಜನರೇ. ಹೆಸರಿನ ಅನ್ಯಾಯವನ್ನು ಎತ್ತಿ ತೋರಿಸುವುದು, ಹೊಗೆಯ ನಿಜವನ್ನು ಒಪ್ಪಿಕೊಳ್ಳುವುದು, ಇವೆರಡನ್ನೂ ಒಟ್ಟಿಗೆ ಮಾಡಬಲ್ಲವನೇ ಯೋಗ್ಯ ಸಲಹೆಗಾರ. ಹಿತವಲ್ಲದ ಲೆಕ್ಕವನ್ನು ಅಡಗಿಸುವವನು, ಹಿತವಾದ ಲೆಕ್ಕವನ್ನು ಹೇಳುವ ದಿನ ನಂಬಿಕೆಗೆ ಪಾತ್ರನಾಗುವುದಿಲ್ಲ. ಗದ್ದೆಯ ಅಂಕಿಗೆ ಜಗತ್ತು ಕಿವಿಗೊಟ್ಟುದು ಅಳೆದ ಕ್ರಮವನ್ನೂ ಅದರ ಮಿತಿಯನ್ನೂ ಬಹಿರಂಗವಾಗಿ ಮುಂದಿಟ್ಟುದರಿಂದ.

ಶಾಲೆಯ ಪಾಲು

ಇಂಥ ಕಾರ್ಯದ ಬೇರು ಶಾಲೆಯ ಪ್ರಯೋಗಶಾಲೆಯಲ್ಲಿದೆ. ಪುಸ್ತಕದಲ್ಲಿ ಕೊಟ್ಟ ಉತ್ತರವನ್ನು ಮೊದಲು ನೋಡಿಕೊಂಡು, ಅದಕ್ಕೆ ಹೊಂದುವಂತೆ ಅಳತೆಗಳನ್ನು ಬರೆದಿಡುವ ವಿದ್ಯಾರ್ಥಿಯನ್ನು ಎಲ್ಲ ಉಪಾಧ್ಯಾಯರೂ ಕಂಡಿರುತ್ತಾರೆ. ಅಂಕ ಕಡಮೆಯಾದೀತೆಂಬ ಭಯದಿಂದ ಅವನು ಹಾಗೆ ಮಾಡುತ್ತಾನೆ. ಲೋಲಕದ ಆಂದೋಲನವನ್ನು ತಾನು ಎಣಿಸಿದಂತೆಯೇ ಬರೆದು, ಉತ್ತರ ಹೊಂದದಿದ್ದರೆ ಏಕೆಂದು ಕೇಳುವ ವಿದ್ಯಾರ್ಥಿಗೆ ಪೂರ್ಣ ಅಂಕ ನೀಡುವ ಉಪಾಧ್ಯಾಯನು, ತನಗರಿವಿಲ್ಲದೆಯೇ ದೇಶಕ್ಕೆ ಒಬ್ಬ ಸಲಹೆಗಾರನನ್ನು ಸಿದ್ಧಗೊಳಿಸುತ್ತಿರಬಹುದು. ದಾನಿಗಳು ಕೊಡಿಸಿದ ಒಂದು ತಕ್ಕಡಿ, ಒಂದು ಮಳೆಮಾಪಕ, ಒಂದು ಉಷ್ಣಮಾಪಕ ಇವುಗಳ ಸಾರ್ಥಕ್ಯವೂ ಅದರಲ್ಲಿಯೇ ಇದೆ.

1991ರ ಆ ಹಂಗಾಮಿನಲ್ಲಿ ಕೆಸರಿಗಿಳಿದು ಪೆಟ್ಟಿಗೆ ಮುಚ್ಚಿ, ಗಡಿಯಾರ ನೋಡಿ ಸಿರಿಂಜು ಎಳೆದವರಲ್ಲಿ ಹೆಚ್ಚಿನವರ ಹೆಸರು ಹೊರಗಿನವರಿಗೆ ತಿಳಿಯದು. ಅವರು ಕಂಡದ್ದನ್ನು ಕಂಡಂತೆ ಬರೆದರು. ಆ ಬರೆಹವೇ ರಾಷ್ಟ್ರಗಳ ಸಭೆಯಲ್ಲಿ ಕೋಟ್ಯಂತರ ರೈತರ ಪರವಾಗಿ ಸಾಕ್ಷಿ ನುಡಿಯಿತು.