ಅಮ್ಮನಿಗೆ ಮೈ ಸರಿಯಿಲ್ಲದಾಗ

ಮನೆಯಾಕೆ ನಾಲ್ಕು ದಿನ ಜ್ವರದಿಂದ ಮಲಗಿದರೆ ಮನೆಯ ನಡೆಯೇ ತಪ್ಪಿಹೋಗುತ್ತದೆ. ಒಲೆ ಹೊತ್ತುವುದು ತಡ, ಬಾಗಿಲಿಗೆ ರಂಗೋಲಿಯಿಲ್ಲ. ಮೂರು ವರ್ಷದ ಮಗು ಕೋಣೆಯ ಹೊಸ್ತಿಲಲ್ಲಿ ನಿಂತು, “ಅಮ್ಮ, ಏಳು” ಎನ್ನುತ್ತದೆ. ಅಜ್ಜಿಯೋ ಅಪ್ಪನೋ ಅದನ್ನು ಎತ್ತಿಕೊಂಡು ಹೊರಗೆ ಹೋಗುತ್ತಾರೆ. ಐದು ನಿಮಿಷಕ್ಕೆ ಅದು ಮತ್ತೆ ಹೊಸ್ತಿಲಿಗೇ ಬಂದು ನಿಲ್ಲುತ್ತದೆ. ಮಲಗಿದವರು ತಂದೆಯಾದರೂ ಮಾತು ಇದೇ. ಇಂಥ ದಿನಗಳಲ್ಲಿ ಮಕ್ಕಳನ್ನು ಸುಧಾರಿಸುವುದು ಹೇಗೆ? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಾದರೆ ಅದಕ್ಕೆ ಬೇಕಾದ ಸಾಮಾನು ನಿಮ್ಮ ಹಿತ್ತಿಲಲ್ಲೇ ಬಿದ್ದಿರುತ್ತದೆ. ಆದರೆ ಸಾಮಾನಿಗಿಂತ ಮೊದಲು ಬೇಕಾದದ್ದು ಒಳ್ಳೆಯ ಮಾತು.

ಮಗು ಹೊಸ್ತಿಲಿಗೆ ಮರಳಿ ಬರುವುದು ಹಟದಿಂದಲ್ಲ, ಭಯದಿಂದ. ಎಳೆಯ ಮಕ್ಕಳು ಮನೆಯಲ್ಲಿ ನಡೆಯುವುದಕ್ಕೆಲ್ಲ ತಾವೇ ಕಾರಣವೆಂದು ಭಾವಿಸುವುದುಂಟು. ನಿನ್ನೆ ಹಾಲು ಚೆಲ್ಲಿದೆ, ಅಮ್ಮ ಗದರಿದಳು, ಇವತ್ತು ಮಲಗಿದ್ದಾಳೆ: ಅದರ ಲೆಕ್ಕಕ್ಕೆ ಇಷ್ಟು ಸಾಕು. ಅಂಥ ಹೊತ್ತಿನಲ್ಲಿ ಹಿರಿಯರು, “ನಿನ್ನ ಕಾಟಕ್ಕೇ ನಿಮ್ಮಮ್ಮ ಮಲಗಿರೋದು” ಎಂದುಬಿಟ್ಟರೆ ಆ ಮಾತು ಮಗುವಿನ ಎದೆಯಲ್ಲಿ ಕೂತುಬಿಡುತ್ತದೆ. ಇದನ್ನು ತಮಾಷೆಗೂ ಆಡಬೇಡಿ. ಬದಲು ಮಗುವನ್ನು ಹತ್ತಿರ ಕೂರಿಸಿಕೊಂಡು ನಿಜವನ್ನೇ ಹೇಳಿ: “ಅಮ್ಮನಿಗೆ ಜ್ವರ ಬಂದಿದೆ ಕಂದ. ನಿನ್ನಿಂದ ಬಂದದ್ದಲ್ಲ. ಡಾಕ್ಟರು ಔಷಧ ಕೊಟ್ಟಿದ್ದಾರೆ. ಊಟ ನಾನು ಹಾಕ್ತೀನಿ, ರಾತ್ರಿ ಅಜ್ಜಿ ಹತ್ತಿರ ಮಲಗು.” ಅಮ್ಮ ಊರಿಗೆ ಹೋಗಿದ್ದಾಳೆಂಬ ಸುಳ್ಳು, ಒಳಗಿಂದ ಕೆಮ್ಮು ಕೇಳಿದೊಡನೆ ಬಯಲಾಗುತ್ತದೆ. ಆಮೇಲೆ ನೀವು ನಿಜ ಹೇಳಿದರೂ ಅದು ನಂಬದು.

ಮಕ್ಕಳನ್ನು ರೋಗಿಯಿಂದ ಎಷ್ಟು ದೂರ ಇಡಬೇಕೆಂಬುದನ್ನು ವೈದ್ಯರನ್ನೇ ಕೇಳಬೇಕು. ಶೀತಜ್ವರ, ಸೀತಾಳೆ ಸಿಡುಬು ಮುಂತಾದವು ಅಂಟುವಂಥವು. ಕೆಲವು ದಿನ ಬೇರೆ ಕೋಣೆ ಅಗತ್ಯ. ಆದರೆ ದೂರ ಇಡುವುದೆಂದರೆ ಊರು ಬಿಡಿಸುವುದೆಂದೇ ಅಲ್ಲ. ಈ ತಿಳಿವಳಿಕೆ ಬೆಳೆದುದರಲ್ಲಿ ನಮ್ಮ ಜಿಲ್ಲೆಯ ಪಾಲೂ ಇದೆ. ಹಿಂದೆ ಕ್ಷಯವೆಂದರೆ ತಂದೆಯೋ ತಾಯಿಯೋ ಮಕ್ಕಳನ್ನು ಬಿಟ್ಟು ತಿಂಗಳುಗಟ್ಟಲೆ ಸ್ಯಾನಿಟೋರಿಯಂ ಸೇರಬೇಕಿತ್ತು. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯರೋಗ ಚಿಕಿತ್ಸಾ ಕೇಂದ್ರವು, ಮನೆಯಲ್ಲೇ ಇದ್ದು ಔಷಧ ತೆಗೆದುಕೊಂಡವರೂ ಬಹುಮಟ್ಟಿಗೆ ಅವರಷ್ಟೇ ಚೆನ್ನಾಗಿ ಗುಣವಾಗುತ್ತಾರೆಂದು 1959ರಲ್ಲಿ ತೋರಿಸಿಕೊಟ್ಟಿತು. ಇದರಿಂದ ಮನೆಮಂದಿಗೆ ಹೆಚ್ಚಿನ ಅಪಾಯವಿಲ್ಲವೆಂಬುದೂ ಗೊತ್ತಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1960–61ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗದ ಸಮೀಕ್ಷೆ ನಡೆಸಿತು. ಇಂದು ಔಷಧಕ್ಕೆ ಬಗ್ಗುವ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಕಿಟಕಿ ತೆರೆದಿರಬೇಕು, ಮೊದಮೊದಲು ರೋಗಿ ಮೂಗುಬಾಯಿ ಮುಚ್ಚಿಕೊಳ್ಳಬೇಕು, ಮನೆಯ ಮಕ್ಕಳನ್ನು, ಅದರಲ್ಲೂ ಐದು ವರ್ಷದೊಳಗಿನವರನ್ನು, ತಪ್ಪದೆ ಪರೀಕ್ಷೆ ಮಾಡಿಸಿ ರೋಗ ಬಾರದಂತೆ ಕೊಡುವ ಔಷಧ ಕೊಡಿಸಬೇಕು. ಹೀಗೆ ಎಚ್ಚರದಿಂದಿದ್ದರೆ ಆ ಆರು ತಿಂಗಳೂ ಮಗು ತಾಯಿಯಿರುವ ಮನೆಯಲ್ಲೇ ಬೆಳೆಯಬಹುದು.

ಇನ್ನು ಆಟದ ಮಾತು. ತೆಂಗಿನ ಗರಿಯ ಎಲೆಯಿಂದ ಕಡ್ಡಿ ಸೀಳಿ ತೆಗೆದರೆ ಎರಡು ಪಟ್ಟಿಗಳು ಬರುತ್ತವೆ. ಅವನ್ನು ಒಂದರೊಳಗೊಂದು ಮಡಿಸಿ, ಅಡ್ಡಡ್ಡವಾಗಿ ಬಿಗಿದು, ನಡುವೆ ಕಡ್ಡಿ ಚುಚ್ಚಿದರೆ ಗಿರಗಿಟ್ಲೆ ಸಿದ್ಧ. ಪಟ್ಟಿಯನ್ನು ಸುರುಳಿ ಸುತ್ತಿದರೆ ಪೀಪಿಯೂ ಆಗುತ್ತದೆ. ಆದರೆ ಅದನ್ನು ಕಲಿಸುವುದಿದ್ದರೆ ಅಮ್ಮ ಎದ್ದ ಮೇಲೆ ಕಲಿಸಿ! ಉದುರಿದ ಎಳೆಯ ಹರಳುಗಳಿಗೆ ಕಡ್ಡಿ ಚುಚ್ಚಿದರೆ ಬಂಡಿಯ ಗಾಲಿ. ಪೊರಕೆಯ ಕಡ್ಡಿಗಳನ್ನು ರಾಶಿ ಸುರಿದು, ಉಳಿದವು ಅಲುಗದಂತೆ ಒಂದೊಂದನ್ನೇ ಎತ್ತುವ ಆಟ ಐದಾರು ವರ್ಷದವರನ್ನು ಬಹಳ ಹೊತ್ತು ಸದ್ದಿಲ್ಲದೆ ಕೂರಿಸುತ್ತದೆ. ಎರಡು ಕರಟಗಳಿಗೆ ದಾರ ಕಟ್ಟಿ, ಕೋಲಿನ ಎರಡು ತುದಿಗೆ ತೂಗಬಿಟ್ಟರೆ ತಕ್ಕಡಿ. ತಿಪಟೂರಿನ ಮಕ್ಕಳಿಗೆ ಕೊಬ್ಬರಿ ಮಂಡಿ ಹೊಸದೇನಲ್ಲ. ಒಬ್ಬ ರೈತ, ಒಬ್ಬ ದಲ್ಲಾಳಿ, ಒಬ್ಬ ಹಮಾಲಿ. ಹುಣಸೆ ಬೀಜವೇ ಮಾಲು. ವ್ಯಾಪಾರ ಪಿಸುಮಾತಿನಲ್ಲೇ ನಡೆಯಬೇಕು, ಕೂಗಿದವನ ಮಾಲು ವಾಪಸು ಎಂಬ ಕಟ್ಟಳೆ ಇಟ್ಟರೆ, ಸುಮ್ಮನಿರುವುದೂ ಆಟದ ಭಾಗವೇ ಆಗುತ್ತದೆ. ಎಲ್ಲ ಆಟವನ್ನೂ ಒಂದೇ ಬೆಳಿಗ್ಗೆ ಮುಗಿಸಬೇಡಿ. ಮೂರು ವರ್ಷದ ಮಗುವಿನ ಗಮನ ಒಂದರಲ್ಲಿ ಹತ್ತು ನಿಮಿಷ ನಿಂತರೆ ಹೆಚ್ಚು.

ಮಲಗಿದವರೊಡನೆ ಆಡುವ ಆಟಗಳೂ ಇವೆ, ಇವು ಎಲ್ಲಕ್ಕಿಂತ ಮುಖ್ಯ. ಅಂಟುವ ಭಯವಿಲ್ಲದಿದ್ದರೆ ದಿನಕ್ಕೆರಡು ಸಲ, ಹತ್ತು ಹತ್ತು ನಿಮಿಷ, ಮಗುವನ್ನು ಒಳಗೆ ಬಿಡಿ. ಅಮ್ಮ ಕಣ್ಣು ಮುಚ್ಚಿರಲಿ; ಮಗು ಹಿತ್ತಿಲಿನಿಂದ ತಂದ ಏನನ್ನಾದರೂ ಅವಳ ಅಂಗೈಲಿಟ್ಟು, “ಏನು ಹೇಳು” ಎನ್ನಲಿ. ಅಟ್ಟದ ಮೇಲಿನ ಕಾಯಿಗಳನ್ನು ಕಿವಿಯ ಬಳಿ ಅಲ್ಲಾಡಿಸುವುದು ಇನ್ನೊಂದು. ನೀರಿರುವ ಬಲಿತ ಕಾಯಿ ಗುಳುಗುಳು ಎನ್ನುತ್ತದೆ. ತಿಂಗಳುಗಟ್ಟಲೆ ಅಟ್ಟದಲ್ಲಿದ್ದು ನೀರು ಆರಿ, ಉಂಡೆಕೊಬ್ಬರಿ ಕರಟದಿಂದ ಬಿಟ್ಟುಕೊಂಡ ಕಾಯಿ ಲೊಡಲೊಡ ಎನ್ನುತ್ತದೆ. ಕೇಳಿ ಹೇಳಲು ಅಮ್ಮ ತಲೆ ಎತ್ತಬೇಕಾಗಿಲ್ಲ. ಸ್ವಲ್ಪ ಚೇತರಿಸಿಕೊಂಡ ಮೇಲೆ ದೊಡ್ಡ ಮಕ್ಕಳೊಡನೆ ಅಳಗುಳಿ ಮಣೆಯೂ ಆಗಬಹುದು. ಒಳಗೆ ಹೋಗುವಂತಿಲ್ಲದಿದ್ದರೆ ರೇಡಿಯೋ ಇದೆ. ಅಮ್ಮ ಕೋಣೆಯಲ್ಲಿ, ಮಗು ಪಡಸಾಲೆಯಲ್ಲಿ, ಇಬ್ಬರೂ ಒಂದೇ ಕಥೆ ಕೇಳಲಿ. ಆಮೇಲೆ ಬಾಗಿಲಾಚೆಯಿಂದ ಅಮ್ಮ, “ಆಮೇಲೆ ಏನಾಯ್ತು, ನೀನು ಹೇಳು” ಎನ್ನಲಿ. ದಿನವಿಡೀ ಮೊಬೈಲ್ ಕೈಗೆ ಕೊಟ್ಟು ಕೂರಿಸಿದರೆ ಮಗು ಸುಮ್ಮನಿರಬಹುದು. ಅದರ ಭಯ ಹೋಗುವುದಿಲ್ಲ.

ಮಗು ಬೊಂಬೆಯನ್ನು ಮಲಗಿಸಿ, ಅದಕ್ಕೆ ಜ್ವರ ಬಂದಿದೆಯೆಂದು ಮಾತ್ರೆ ನುಂಗಿಸಿದರೆ ಅಪಶಕುನವೆಂದು ಗದರಬೇಡಿ. ಮನಸ್ಸಿನ ಭಾರವನ್ನು ಅದು ಇಳಿಸಿಕೊಳ್ಳುವ ದಾರಿ ಅದೇ. ಮಾತ್ರೆಯೆಂದು ಕಡಲೆಹಿಟ್ಟಿನ ಉಂಡೆ ಇರಲಿ. ನಿಜವಾದ ಮಾತ್ರೆಗಳು ಮಾತ್ರ ಕೈಗೆಟುಕದ ಕಡೆ ಇರಬೇಕು. ಮನೆಯವರ ಗಮನವೆಲ್ಲ ರೋಗಿಯ ಮೇಲಿರುವಾಗಲೇ ಅಪಾಯಗಳು ಹೆಚ್ಚು. ತೋಟದ ಬಾವಿ, ನೀರಿನ ಸಂಪು, ಅಟ್ಟದ ಏಣಿ, ಕಾಯಿ ಸುಲಿಯುವ ಹಾರೆ, ಮಚ್ಚು — ಬೆಳಿಗ್ಗೆ ಎದ್ದೊಡನೆ ಒಮ್ಮೆ ನೋಡಿಕೊಳ್ಳಿ. ಬಲಿತ ಗೊನೆಯಿರುವ ಮರದಡಿ ಆಟ ಬೇಡ. ಹುಣಸೆ ಬೀಜ ಮೂರು ವರ್ಷದೊಳಗಿನ ಮಕ್ಕಳ ಕೈಗೆ ಸಿಗಬಾರದು, ಗಂಟಲಲ್ಲಿ ಸಿಕ್ಕಿಕೊಂಡೀತು.

ಊಟ, ಸ್ನಾನ, ನಿದ್ದೆಯ ಹೊತ್ತು ಮಾತ್ರ ಎಂದಿನಂತೆ ನಡೆಯಲಿ. ಸಾರು ರುಚಿಯಾಗದಿದ್ದರೂ ಚಿಂತೆಯಿಲ್ಲ, ಹೊತ್ತಿಗೆ ಸರಿಯಾಗಿ ತಟ್ಟೆ ಬಂದರೆ ಮನೆ ಇನ್ನೂ ತನ್ನದೇ ಎಂದು ಮಗುವಿಗೆ ಧೈರ್ಯ. ಅದಕ್ಕೊಂದು ಕೆಲಸವನ್ನೂ ಕೊಡಿ. ಕಾಯಿಲೆ ಬಹಳ ದಿನದ್ದಾದರೆ, ಕಿಟಕಿಯಲ್ಲಿ ಒಂದು ಕರಟ ಇಡಿ. ದಿನವೂ ಅಮ್ಮ ಔಷಧ ನುಂಗಿದ ಮೇಲೆ ಐದು ವರ್ಷದ ಮಗಳು ಒಂದು ಹುಣಸೆ ಬೀಜವನ್ನು ಅದಕ್ಕೆ ಹಾಕಲಿ. ಆರು ತಿಂಗಳಿಗೆ ಸುಮಾರು 180 ಬೀಜ. ಕ್ಷಯದಲ್ಲಿ ಮೈ ಸ್ವಲ್ಪ ಹಗುರಾದೊಡನೆ ಔಷಧ ಬಿಡುವುದೇ ದೊಡ್ಡ ಕೇಡು. ಅಂಥ ದಿನ “ಅಮ್ಮ, ಇವತ್ತಿನ ಬೀಜ ಹಾಕಿಲ್ಲ” ಎಂದು ಬಾಗಿಲಲ್ಲಿ ನಿಂತು ಕೇಳುವವಳೊಬ್ಬಳು ಇದ್ದರೆ ತಾಯಿಗೆ ಮರೆಯಲಾಗದು. ಮೊದಲ ದಿನ ಅದೇ ಹೊಸ್ತಿಲಲ್ಲಿ ಹೆದರಿ ನಿಂತಿದ್ದ ಮಗುವೇ ಅದು.