ಮನೆಮಾತಿನ ಧ್ವನಿಮುದ್ರಣ: ಕಂಬಂ ಕಣಿವೆಯ ಒಬ್ಬ ಅಂಧ ವಿದ್ಯಾರ್ಥಿಯ ಅನುಭವ ಮತ್ತು ವಿಧಾನ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಇವತ್ತು ನಾನು ಹೇಳೋ ವಿಷಯ ಸಣ್ಣದು. ಕಣ್ಣು ಕಾಣದವರು ಸ್ಟುಡಿಯೋ ಇಲ್ಲದೆ, ಹೆಚ್ಚು ದುಡ್ಡು ಹಾಕದೆ, ಸಂಶೋಧನೆಗೆ ಒದಗುವಂಥ ಧ್ವನಿಮುದ್ರಣವನ್ನು ಮನೆಯಲ್ಲೇ ಮಾಡೋದು ಹೇಗೆ?

ಮೊದಲು ಊರಿನ ಮಾತು. ಹಳೆಯ ಮಧುರೈ ಜಿಲ್ಲೆಯಿಂದ 1985ರಲ್ಲಿ ದಿಂಡಿಗಲ್, 1996ರಲ್ಲಿ ತೇನಿ ಬೇರೆಯಾದವು. ಈ ಎರಡೂ ಕಡೆ ಮನೆಯಲ್ಲಿ ಕನ್ನಡ ಆಡುವ ಕುಟುಂಬಗಳಿವೆ. ಇಲ್ಲಿನ ಕಪ್ಪಿಲಿಯರು ಕನ್ನಡ ಮಾತಾಡುವ ಬೇಸಾಯಗಾರರು ಅಂತ ಥರ್ಸ್ಟನ್ 1909ರ ತಮ್ಮ ಗ್ರಂಥದಲ್ಲೇ ದಾಖಲಿಸಿದ್ದಾರೆ. ನಮಗೆ ಶಾಲೆ ತಮಿಳು, ಸಂತೆ ತಮಿಳು, ಬರವಣಿಗೆಯೂ ತಮಿಳು. ಕನ್ನಡ ಇರೋದು ಬಾಯಲ್ಲಿ ಮಾತ್ರ. ಹಾಗಾಗಿ ಒಬ್ಬ ಹಿರಿಯರು ಹೋದರೆ ಅವರ ಮಾತಿಗೆ ಹಿಂದೆ ಕಾಗದ ಉಳಿಯಲ್ಲ. ಧ್ವನಿ ಉಳಿದರೆ ಉಳೀತು, ಇಲ್ಲದಿದ್ರೆ ಇಲ್ಲ.

ನಾನು ಕನ್ನಡ ಓದಲು ಕಲಿತದ್ದು ಬ್ರೈಲ್‌ನಲ್ಲಿ. 1951ರಲ್ಲಿ ಒಪ್ಪಿಕೊಂಡ ಭಾರತಿ ಬ್ರೈಲ್‌ನಲ್ಲಿ ತಮಿಳಿನ ಕಕಾರಕ್ಕೂ ಕನ್ನಡದ ಕಕಾರಕ್ಕೂ ಅದೇ ಚುಕ್ಕೆಗಳು. ತಮಿಳು ಬ್ರೈಲ್ ಬಂದಿದ್ದರಿಂದ, ತಮಿಳಿನಲ್ಲಿಲ್ಲದ ಕೆಲವು ಅಕ್ಷರ ಕಲಿತರೆ ಸಾಕಾಯ್ತು. ಕಣ್ಣಿರುವ ನನ್ನ ಅಣ್ಣನಿಗೆ ಕನ್ನಡ ಲಿಪಿ ಇವತ್ತಿಗೂ ಬರಲ್ಲ.

ಮೊದಲ ಸಲ ಅಜ್ಜಿಯ ಮಾತು ಹಿಡಿದಾಗ ನಾನು ತಪ್ಪು ಮಾಡಿದೆ. ಸ್ಕ್ರೀನ್ ರೀಡರ್ ಲ್ಯಾಪ್‌ಟಾಪಿನ ಸ್ಪೀಕರಿನಲ್ಲೇ ಮಾತಾಡ್ತಾ ಇತ್ತು. ಅಜ್ಜಿ ಬಾವಿ ತೋಡಿಸಿದ ಕತೆ ಹೇಳ್ತಿದ್ರೆ, ನಡುನಡುವೆ ಯಂತ್ರದ ದನಿ ಬ್ಯಾಟರಿ ಲೆಕ್ಕ ಹೇಳಿದೆ. ಮತ್ತೊಮ್ಮೆ ಹೇಳಿಸೋಣ ಅಂದುಕೊಂಡೆ. ಅಷ್ಟರಲ್ಲಿ ಅಜ್ಜಿ ತೀರಿಕೊಂಡರು. ಮುಂದೆ ಚಿಕ್ಕಜ್ಜಿಯ ಮಾತು ಹಿಡಿಯುವಾಗ ರೂಢಿಸಿಕೊಂಡ ಕ್ರಮವನ್ನೇ ಈಗ ಹೇಳ್ತೀನಿ.

ಸಾಮಗ್ರಿ

ಹಳೆಯ ಲ್ಯಾಪ್‌ಟಾಪ್, ಸಾವಿರ ರೂಪಾಯಿ ಆಸುಪಾಸಿನ ಒಂದು ಯುಎಸ್‌ಬಿ ಹೆಡ್‌ಸೆಟ್, ಒಂದು ಮಾಮೂಲಿ ವೈರಿನ ಇಯರ್‌ಫೋನ್. ಸ್ಕ್ರೀನ್ ರೀಡರ್ ಎನ್‌ವಿಡಿಎ, ಮುದ್ರಣಕ್ಕೆ ಆಡಾಸಿಟಿ. ಈ ಎರಡೂ ತಂತ್ರಾಂಶ ಉಚಿತ. ಎನ್‌ವಿಡಿಎ ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಶುರು ಮಾಡಿದ ಮೈಕಲ್ ಕರನ್ ಸ್ವತಃ ಅಂಧರು. ಅದರ ಜೊತೆಗೇ ಬರುವ ಇಸ್ಪೀಕ್ ಕನ್ನಡವನ್ನೂ ತಮಿಳನ್ನೂ ಓದುತ್ತೆ. ಹಲವು ಟ್ರ್ಯಾಕ್ ಬೇಕಾದವರಿಗೆ ರೀಪರ್ ಇದೆ, ಅದನ್ನು ಸ್ಕ್ರೀನ್ ರೀಡರಿಗೆ ಹೊಂದಿಸುವ ಒಸಾರಾ ಉಚಿತ. ಒಬ್ಬರ ಮಾತು ಹಿಡಿಯೋಕೆ ಆಡಾಸಿಟಿ ಸಾಕು.

ಬ್ಲೂಟೂತ್ ಹೆಡ್‌ಸೆಟ್ ಬೇಡ. ಅದರ ಮೈಕ್ ಚಾಲೂ ಆದ ಕೂಡಲೇ ಧ್ವನಿಯ ಗುಣಮಟ್ಟ ಸಾಮಾನ್ಯವಾಗಿ ಫೋನ್ ಕರೆಯ ಮಟ್ಟಕ್ಕೆ ಇಳಿದುಬಿಡುತ್ತೆ.

ಎರಡು ದಾರಿ

ಹೆಡ್‌ಸೆಟ್ ಚಿಕ್ಕಜ್ಜಿಯ ತಲೆಗೆ, ಇಯರ್‌ಫೋನ್ ನನ್ನ ಕಿವಿಗೆ. ಆದರೆ ಹೆಡ್‌ಸೆಟ್ ಚುಚ್ಚಿದ ತಕ್ಷಣ ವಿಂಡೋಸ್ ಎಲ್ಲಾ ಶಬ್ದವನ್ನೂ ಅದಕ್ಕೇ ಕಳಿಸಬಹುದು. ಮೊದಲ ದಿನ ಚಿಕ್ಕಜ್ಜಿ ಬೆಚ್ಚಿಬಿದ್ದು "ಇದ್ಯಾರಪ್ಪಾ ಕಿವಿಯೊಳಗೆ!" ಅಂದ್ರು. ಆದ್ದರಿಂದ ಎನ್‌ವಿಡಿಎ ಸೆಟ್ಟಿಂಗಿನಲ್ಲಿ ಔಟ್‌ಪುಟ್ ಸಾಧನ ಇಯರ್‌ಫೋನ್ ಅಂತ ಇಡಬೇಕು. ಆಡಾಸಿಟಿಯಲ್ಲಿ ಶಿಫ್ಟ್ ಜೊತೆ ಐ ಒತ್ತಿ, ಮುದ್ರಣದ ಸಾಧನ ಹೆಡ್‌ಸೆಟ್ ಅಂತ ಆರಿಸಬೇಕು.

ಮುಳ್ಳು ನೋಡದೆ ಮಟ್ಟ ತಿಳಿಯೋದು

ನಮಗೆ ನಿಜವಾದ ತೊಡಕು ಇದೊಂದೇ. ಗದ್ದಲ, ಪ್ರತಿಧ್ವನಿ ಎಲ್ಲಾ ಕಿವಿಗೆ ಗೊತ್ತಾಗುತ್ತೆ. ಆದರೆ ಧ್ವನಿ ಎಷ್ಟು ಎತ್ತರಕ್ಕೆ ಹೋಯ್ತು ಅಂತ ತೋರಿಸುವ ಮೀಟರ್ ಕಣ್ಣಿಗಾಗಿ ಮಾಡಿದ್ದು. ಅದಕ್ಕೊಂದು ಒಳದಾರಿ ಇದೆ. ಹತ್ತು ಸೆಕೆಂಡು ಜೋರಾಗಿ ಮಾತಾಡಿಸಿ, ನಗಿಸಿ, ಮುದ್ರಿಸಿ ನಿಲ್ಲಿಸಿ. ಕಂಟ್ರೋಲ್ ಜೊತೆ ಎ ಒತ್ತಿ ಪೂರ್ತಿ ಆರಿಸಿ, ಎಫೆಕ್ಟ್ ಮೆನುವಿನಿಂದ ಆಂಪ್ಲಿಫೈ ತೆರೆಯಿರಿ. ಇನ್ನೂ ಎಷ್ಟು ಡೆಸಿಬಲ್ ಏರಿಸಬಹುದು ಅನ್ನೋ ಅಂಕಿಯನ್ನ ಎನ್‌ವಿಡಿಎ ಓದುತ್ತೆ. 6ರಿಂದ 12ರ ಒಳಗಿದ್ದರೆ ಸರಿ. ಸೊನ್ನೆ ಅಂದರೆ ಧ್ವನಿ ತುದಿ ಮುಟ್ಟಿದೆ, ಒಡೆದಿರಬಹುದು. 20 ದಾಟಿದರೆ ತೀರಾ ಮೆಲ್ಲಗಾಯ್ತು. ಅಂಕಿ ಕೇಳಿಸಿಕೊಂಡು ಎಸ್ಕೇಪ್ ಒತ್ತಿ ಹೊರಬನ್ನಿ, ವಿಂಡೋಸ್‌ನಲ್ಲಿ ಮೈಕಿನ ಮಟ್ಟ ತಿದ್ದಿ, ಮತ್ತೆ ಪರೀಕ್ಷಿಸಿ.

ಕೋಣೆ

ಒಂದೊಂದು ಕೋಣೆಯಲ್ಲೂ ನಿಂತು ಚಪ್ಪಾಳೆ ತಟ್ಟಿ. ಸದ್ದು ಎಲ್ಲಿ ಬೇಗ ಸಾಯುತ್ತೋ ಅಲ್ಲಿ ಕೂರಿ. ನಮ್ಮನೆಯಲ್ಲಿ ಅದು ಹಾಸಿಗೆ ಪೇರಿಸಿಟ್ಟ ಮೂಲೆ. ಫ್ಯಾನ್ ನಿಲ್ಲಿಸಬೇಕು. ಹಾಗಾಗಿ ಬಿಸಿಲೇರುವ ಮೊದಲೇ, ತೋಟದ ಪಂಪ್‌ಸೆಟ್ ಶುರುವಾಗುವ ಮೊದಲೇ ಕೂರ್ತೀವಿ. ಮೈಕ್ ಬಾಯಿಗೆ ನೇರ ಬೇಡ, ತುಸು ಪಕ್ಕಕ್ಕಿರಲಿ. ಇಲ್ಲದಿದ್ರೆ ಪಕಾರ ಬಕಾರಗಳ ಉಸಿರು ಬಡಿಯುತ್ತೆ.

ಗುರುತು ಮತ್ತು ಕಡತ

ಆರಂಭದಲ್ಲೇ ದಿನಾಂಕ, ಊರು, ಮಾತಾಡುವವರ ಹೆಸರು ಹೇಳಿ, ಅವರ ಒಪ್ಪಿಗೆಯನ್ನ ಅವರ ದನಿಯಲ್ಲೇ ಪಡೀರಿ. ಅಪರೂಪದ ಪದ ಬಂದಾಗ ಕಂಟ್ರೋಲ್ ಜೊತೆ ಎಂ ಒತ್ತಿದರೆ ಆ ಜಾಗಕ್ಕೆ ಲೇಬಲ್ ಬೀಳುತ್ತೆ, ಮುದ್ರಣ ನಿಲ್ಲಲ್ಲ. ಒಂದೇ ಚಾನೆಲ್, 44,100 ಹರ್ಟ್ಸ್, 16 ಬಿಟ್ ವೇವ್ ಫೈಲ್ ಅಂದರೆ ಗಂಟೆಗೆ ಸುಮಾರು 318 ಎಂಬಿ. ಅವತ್ತೇ ಎರಡು ಕಡೆ ಪ್ರತಿ ಇಡಿ.

ಒಂದು ಪ್ರಶ್ನೆ

ಗದ್ದಲ ತೆಗೆಯುವ ಎಫೆಕ್ಟ್ ಬಳಸಬಹುದಾ ಅಂತ ಒಬ್ಬ ಮೇಡಂ ಕೇಳಿದ್ದಾರೆ. ಕೇಳಿಸೋಕೆ ಮಾಡಿಕೊಂಡ ಪ್ರತಿಯಲ್ಲಿ ಬಳಸಬಹುದು ಮೇಡಂ, ಮೂಲದಲ್ಲಿ ಬೇಡ. ಗದ್ದಲದ ಜೊತೆ ಮೆಲುವಾದ ಸಕಾರ ಹಕಾರಗಳೂ ಸವೆದುಹೋಗಬಹುದು. ಚಿಕ್ಕಜ್ಜಿ ಹಕಾರ ಆಡಿದ್ರಾ, ಬಿಟ್ರಾ ಅನ್ನೋದೇ ನಾಳೆ ಯಾರದೋ ಪ್ರಬಂಧದ ಪ್ರಶ್ನೆ ಆಗಿರಬಹುದು. ಅದನ್ನ ಎಫೆಕ್ಟ್ ತೀರ್ಮಾನ ಮಾಡಬಾರದು. ಹಿಂದೆ ಪಂಪ್‌ಸೆಟ್ ಸದ್ದು ಕೇಳಿಸಿದ್ರೂ ಪರವಾಗಿಲ್ಲ, ಹಕಾರ ಉಳೀಲಿ.

ನಿಮ್ಮ ಮನೆಯಲ್ಲೂ ಅಂಥ ಹಿರಿಯರಿದ್ದರೆ ಒಳ್ಳೆಯ ಮೈಕ್ ಬರಲಿ ಅಂತ ಕಾಯಬೇಡಿ.